ಕಥೆಯ ಅಜ್ಜಿ ಯಾವ ಊರಿನವಳು?

ಕಥೆಯೊಂದು ತನ್ನ ಊರನ್ನು ಹೆಸರಿಸದೆ ಆರಂಭವಾದಾಗ, ಕೇಳುವವರಾದ ನಾವು ಅದಕ್ಕೆ ಒಂದು ಊರನ್ನು ಕೊಟ್ಟುಬಿಡುತ್ತೇವೆ. ಹಾಗೆ ಕೊಟ್ಟೆವೆಂಬುದು ನಮಗೇ ತಿಳಿಯುವುದಿಲ್ಲ. ‘ಒಂದೂರಿನಲ್ಲಿ’ ಎಂಬ ಮಾತು ಕಿವಿಗೆ ಬಿದ್ದೊಡನೆ ಮನಸ್ಸಿನಲ್ಲಿ ಒಂದು ಬೀದಿ, ಒಂದು ಕೆರೆಯ ಏರಿ, ಒಂದು ಜಗಲಿ ಮೂಡಿರುತ್ತವೆ. ಈ ಊರನ್ನು ನಾವು ಎಲ್ಲಿಂದ ತರುತ್ತೇವೆ, ಹಾಗೆ ತರುವುದರಿಂದ ಯಾರಿಗಾದರೂ ಅನ್ಯಾಯವಾಗುತ್ತದೆಯೇ ಎಂಬ ಪ್ರಶ್ನೆ ಮೇಲ್ನೋಟಕ್ಕೆ ವಿರಾಮಕಾಲದ ಚರ್ಚೆಯಂತೆ ಕಾಣಬಹುದು. ನಮಗೂ ಹಾಗೆಯೇ ಕಂಡಿತ್ತು. ಎರಡು ವರ್ಷಗಳ ಹಿಂದೆ ಹಿಂದೂಪುರದಲ್ಲಿ ನಡೆದ ಒಂದು ಕಥಾವಾಚನದಲ್ಲಿ ನಾವೇ ತಪ್ಪೊಂದನ್ನು ಮಾಡಿ, ಅದರ ಫಲವನ್ನು ಕಣ್ಣಾರೆ ಕಂಡ ಮೇಲೆ ಹಾಗೆ ಕಾಣುತ್ತಿಲ್ಲ.

ಅಂದು ಹತ್ತು ಹನ್ನೆರಡು ಮಂದಿ ಸೇರಿದ್ದೆವು. ಕಲ್ಯಾಣದುರ್ಗದ ಕಡೆಯ ಹಳ್ಳಿಯಿಂದ ಬಂದಿದ್ದ ಯುವತಿಯೊಬ್ಬರು ತಮ್ಮ ಮೊದಲ ಕಥೆಯನ್ನು ಓದಿದರು. ಎಪ್ಪತ್ತು ದಾಟಿದ ಅಜ್ಜಿಯೊಬ್ಬಳ ಪಿಂಚಣಿ ನಿಂತುಹೋಗುತ್ತದೆ. ಏಕೆ ನಿಂತಿತೆಂದು ತಿಳಿಸುವ ಕಾಗದವೊಂದು ಕೈಗೆ ಬರುತ್ತದೆ. ಅಜ್ಜಿ ಓದು ಬಲ್ಲವಳು. ಸಂಜೆಯಾದರೆ ಅಕ್ಕಪಕ್ಕದವರನ್ನು ಕೂರಿಸಿಕೊಂಡು ಜೈಮಿನಿ ಭಾರತವನ್ನು ಓದಿ ಅರ್ಥ ಹೇಳುವವಳು. ಆದರೆ ಈ ಕಾಗದ ಅವಳಿಗೆ ಓದಲಾಗುವುದಿಲ್ಲ. ಓದು ಬಲ್ಲವಳೆಂದು ಊರಿನಲ್ಲಿ ಹೆಸರಾದವಳು ‘ಇದನ್ನು ಓದಿ ಹೇಳಿ’ ಎಂದು ಯಾರನ್ನು ಕೇಳಿಯಾಳು? ಕಾಗದವನ್ನು ಸೆರಗಿನ ತುದಿಗೆ ಗಂಟುಹಾಕಿಕೊಂಡು ಸಚಿವಾಲಯಕ್ಕೆ ನಡೆದುಹೋಗುತ್ತಾಳೆ, ಮೆಟ್ಟಿಲ ಮೇಲೆ ಸಂಜೆಯವರೆಗೆ ಕೂರುತ್ತಾಳೆ, ಯಾರನ್ನೂ ಏನನ್ನೂ ಕೇಳದೆ ಹಿಂದಿರುಗುತ್ತಾಳೆ. ಕೊನೆಗೆ ಶಾಲೆಗೆ ಹೋಗುವ ಮೊಮ್ಮಗ ಅದನ್ನು ಗಟ್ಟಿಯಾಗಿ ಓದುತ್ತಾನೆ. ಅಜ್ಜಿ, ಪಾಠ ಒಪ್ಪಿಸುವ ಮಗುವಿನಂತೆ, ಅವನ ಹಿಂದೆಯೇ ಒಂದೊಂದು ಮಾತನ್ನು ಹೇಳಿಕೊಳ್ಳುತ್ತಾಳೆ.

ಓದು ಮುಗಿದಾಗ ನಮ್ಮಲ್ಲಿ ಹಿರಿಯರೊಬ್ಬರು, ನಿವೃತ್ತ ಮೇಷ್ಟ್ರು, ಕೇಳಿದರು: “ಚೆನ್ನಾಗಿದೆಯಮ್ಮಾ. ಆದರೆ ಅಷ್ಟು ವಯಸ್ಸಾದ ಅಜ್ಜಿ ಬೆಂಗಳೂರಿಗೆ ಹೋದದ್ದು ಯಾವಾಗ? ಅದನ್ನು ನೀವು ಹೇಳಲೇ ಇಲ್ಲ.” ಉಳಿದವರೂ ತಲೆಯಾಡಿಸಿದೆವು. ಸಚಿವಾಲಯದ ಮೆಟ್ಟಿಲು ಎಂದೊಡನೆ ನಮಗೆಲ್ಲರಿಗೂ ಕಂಡದ್ದು ವಿಧಾನಸೌಧದ ಆ ವಿಶಾಲವಾದ ಕಲ್ಲಿನ ಮೆಟ್ಟಿಲುಗಳೇ. ಕಥೆಗಾರ್ತಿ ಇದನ್ನು ತಮಾಷೆ ಎಂದುಕೊಂಡರು. ಅಲ್ಲವೆಂದು ತಿಳಿದಾಗ ಮೆಲ್ಲಗೆ ಹೇಳಿದರು: “ಸಾರ್, ಅದು ನಮ್ಮೂರಿನ ಸಚಿವಾಲಯ. ರಾಮರ ಗುಡಿಯ ಪಕ್ಕದ್ದು.”

ನಗುವಂಥ ಸಂಗತಿಯೆಂದರೆ, ನಾವೆಲ್ಲರೂ ಒಂದಲ್ಲ ಒಂದು ಕೆಲಸಕ್ಕೆ ನಮ್ಮ ನಮ್ಮ ಸಚಿವಾಲಯದ ಮೆಟ್ಟಿಲನ್ನು ಹತ್ತುವವರೇ. 2019ರ ಅಕ್ಟೋಬರಿನಲ್ಲಿ ಆಂಧ್ರಪ್ರದೇಶದಲ್ಲಿ ಗ್ರಾಮ ಮತ್ತು ವಾರ್ಡು ಸಚಿವಾಲಯಗಳು ಆರಂಭವಾದಂದಿನಿಂದ ಆ ಶಬ್ದ ನಮ್ಮ ಮನೆಗಳಲ್ಲಿ ಹಾಲು, ತರಕಾರಿಯಷ್ಟೇ ಬಳಕೆಯದು. ಬೆಳಿಗ್ಗೆ ಆ ಶಬ್ದವನ್ನಾಡಿ, ಸಂಜೆ ಅದೇ ಶಬ್ದ ಕನ್ನಡ ಕಥೆಯೊಳಗೆ ಬಂದಾಗ ನಾವು ಬೆಂಗಳೂರಿಗೆ ಹೋಗಿ ಕುಳಿತೆವು. ಕನ್ನಡದಲ್ಲಿ ಕಥೆ ಎಂದರೆ ಅದು ಗಡಿಯ ಆಚೆಗೆ ನಡೆಯುವುದು ಎಂಬ ಊಹೆ ನಮ್ಮೊಳಗೆ ಅಷ್ಟು ಗಟ್ಟಿಯಾಗಿ ನಿಂತಿದೆಯೆಂದು ಅಂದಿನವರೆಗೆ ನಮಗೇ ಗೊತ್ತಿರಲಿಲ್ಲ.

ಆ ಕಾಗದದ ವಿಷಯವೂ ಹಾಗೆಯೇ. ಅದು ಯಾವ ಭಾಷೆಯಲ್ಲಿತ್ತೆಂದು ಕಥೆಗಾರ್ತಿ ಬರೆದಿರಲಿಲ್ಲ. ನಾವು ಇಂಗ್ಲಿಷ್ ಎಂದುಕೊಂಡೆವು. ಅದು ತೆಲುಗಿನ ಕಾಗದ. ಅವರ ಊರಿನಲ್ಲಿ ಕಚೇರಿಯ ಕಾಗದ ಇನ್ನಾವ ಭಾಷೆಯಲ್ಲಿ ಬಂದೀತು, ಅದನ್ನು ಬರೆದು ಹೇಳಬೇಕೇ ಎಂಬುದು ಅವರ ಭಾವನೆ. ಹೀಗೆಂದು ತಿಳಿದ ಮೇಲೆ ಕಥೆಯ ಬಣ್ಣವೇ ಬೇರೆಯಾಯಿತು. ಅಜ್ಜಿಗೆ ಮಾತಿನ ತೆಲುಗು ಸೊಗಸಾಗಿ ಬರುತ್ತದೆ. ಸಂತೆಯ ವ್ಯವಹಾರವೆಲ್ಲ ಅದರಲ್ಲಿಯೇ. ಎರಡೂ ಲಿಪಿಗಳು ಅಕ್ಕತಂಗಿಯರು. ತಲಕಟ್ಟು ಮಾತ್ರ ಅಲ್ಲಿ ಕೊಕ್ಕಿನಂತೆ ಮೇಲಕ್ಕೆ ಚಿಮ್ಮಿರುತ್ತದೆ. ಅಕ್ಷರಕ್ಕೆ ಅಕ್ಷರ ಕೂಡಿಸಿದರೆ ಸದ್ದು ಹೊರಡುತ್ತದೆ, ಕಚೇರಿಯ ತೆಲುಗಿನ ಅರ್ಥ ಹೊರಡುವುದಿಲ್ಲ. ಇಂಗ್ಲಿಷಾಗಿದ್ದರೆ ಬಾರದ ಭಾಷೆಯೆಂದು ಯಾರನ್ನಾದರೂ ನಿಸ್ಸಂಕೋಚವಾಗಿ ಕೇಳಬಹುದಿತ್ತು. ಅರ್ಧ ಬಂದು ಅರ್ಧ ಬಾರದ ಈ ಸ್ಥಿತಿಯಲ್ಲಿಯೇ ಅವಳ ನಾಚಿಕೆಯೆಲ್ಲ ಇತ್ತು.

ಇಷ್ಟು ತಿಳಿದೂ ನಾವು ಏನು ಮಾಡಿದೆವು? ಹಿರಿಯರೆನಿಸಿಕೊಂಡವರ ಉತ್ಸಾಹದಿಂದ ಸಲಹೆ ಕೊಟ್ಟೆವು. ‘ಸಚಿವಾಲಯ ಎಂದರೆ ಕನ್ನಡ ಓದುಗರಿಗೆ ಗೊಂದಲವಾಗುತ್ತದೆ, ತಾಲ್ಲೂಕು ಕಚೇರಿ ಎಂದು ಮಾಡಮ್ಮ. ಮಂಡಲ ಎಂಬುದನ್ನು ಹೋಬಳಿ ಎಂದು ತಿದ್ದು. ಊರು ಚಳ್ಳಕೆರೆಯ ಕಡೆಯದು ಎಂದು ಒಂದು ಮಾತು ಸೇರಿಸಿಬಿಟ್ಟರೆ ಯಾರೂ ಪ್ರಶ್ನೆ ಕೇಳುವುದಿಲ್ಲ.’ ಅವರು ವಿನಯದಿಂದ ಬರೆದುಕೊಂಡರು. ಕೆಲವು ತಿಂಗಳ ಮೇಲೆ ಕಥೆ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಸಂತೋಷದಿಂದ ತೆಗೆದು ಓದಿದೆವು. ಚಳ್ಳಕೆರೆಯ ಕಡೆಯ ಅಜ್ಜಿಗೆ ತಾಲ್ಲೂಕು ಕಚೇರಿಯಿಂದ ಬರುವ ಕಾಗದ ಕನ್ನಡದಲ್ಲಿರಲೇಬೇಕು. ಕನ್ನಡದ ಕಾಗದವನ್ನು ಓದಲಾರಳು ಎಂದಾಗಬೇಕಾದರೆ ಅವಳಿಗೆ ಓದೇ ಬಾರದಿರಬೇಕು. ಜೈಮಿನಿ ಭಾರತ ಕಥೆಯಿಂದ ಮಾಯವಾಗಿತ್ತು. ಅಜ್ಜಿ ಹೆಬ್ಬೆಟ್ಟು ಒತ್ತುವವಳಾಗಿದ್ದಳು.

ಒಬ್ಬ ಮುದುಕಿಯನ್ನು ನೂರು ಕಿಲೋಮೀಟರಿಗೂ ಕಡಿಮೆ ದೂರ ಪಶ್ಚಿಮಕ್ಕೆ ಸರಿಸಿದ್ದಕ್ಕೆ ಅವಳ ಓದು ಹೋಯಿತು. ಸರಿಸಿದವರು ನಾವು. ಓದುಗರಿಗೆ ಅನುಕೂಲವಾಗಲಿ ಎಂಬ ಸದುದ್ದೇಶದಿಂದಲೇ ಸರಿಸಿದೆವು ಎಂಬುದು ತಪ್ಪನ್ನು ಹಗುರ ಮಾಡುವುದಿಲ್ಲ.

ಕಥೆ ಕೇಳುವವನು ಅದಕ್ಕೆ ಊರು ಕೊಡುವುದು ಹೊಸದೇನಲ್ಲ; ಅದನ್ನೇ ದೋಷವೆಂದರೆ ಕಥೆ ಕೇಳುವುದನ್ನೇ ಬಿಡಬೇಕಾದೀತು. ಹಿಂದೂಪುರದಿಂದ ಹದಿನೈದು ಕಿಲೋಮೀಟರಿನೊಳಗೇ ಇರುವ ಲೇಪಾಕ್ಷಿಗೆ ಹೋದವರೆಲ್ಲ ಸ್ಥಳದ ಹೆಸರಿನ ಕಥೆಯನ್ನು ಕೇಳಿಯೇ ಇರುತ್ತಾರೆ. ರಾವಣನಿಂದ ಗಾಯಗೊಂಡ ಜಟಾಯು ಬಿದ್ದದ್ದು ಇಲ್ಲಿ. ರಾಮನು ಬಂದು ‘ಲೇ ಪಕ್ಷಿ’, ಏಳು ಹಕ್ಕಿಯೇ, ಎಂದನು. ಅಯೋಧ್ಯೆಯ ರಾಜಕುಮಾರ ಅರಣ್ಯಮಧ್ಯದಲ್ಲಿ ಅಚ್ಚ ತೆಲುಗಿನಲ್ಲಿ ಮಾತನಾಡಿದನೆಂಬುದರ ಬಗ್ಗೆ ಇಲ್ಲಿಯವರಿಗೆ ಯಾರಿಗೂ ಎಳ್ಳಷ್ಟೂ ಸಂಶಯವಿಲ್ಲ. ಕೇರಳದ ಚಡಯಮಂಗಲದವರು ಜಟಾಯು ತಮ್ಮ ಬಂಡೆಯ ಮೇಲೆ ಬಿದ್ದನೆನ್ನುತ್ತಾರೆ. ಮುಳಬಾಗಿಲಿನ ಹತ್ತಿರದ ಆವನಿಯವರು ಲವಕುಶರು ಹುಟ್ಟಿದ್ದು ತಮ್ಮಲ್ಲಿ ಎನ್ನುತ್ತಾರೆ. ಇವರಲ್ಲಿ ಯಾರೂ ಇನ್ನೊಬ್ಬರ ರಾಮಾಯಣವನ್ನು ಕಸಿದುಕೊಂಡಿಲ್ಲ. ಲೇಪಾಕ್ಷಿಯ ವೀರಭದ್ರ ದೇವಾಲಯದ ಮಾಳಿಗೆಯಲ್ಲಿ ಚಿತ್ರ ಬರೆದ ವಿಜಯನಗರ ಕಾಲದ ಕಲಾವಿದರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು: ಅಲ್ಲಿನ ಪುರಾಣಸ್ತ್ರೀಯರು ಉಟ್ಟಿರುವುದು 16ನೆಯ ಶತಮಾನದ ಸೀರೆಗಳನ್ನು, ಆ ಅಂಚುಗಳ ವಿನ್ಯಾಸವನ್ನು ನೇಕಾರರು ಇಂದಿಗೂ ನೋಡಿ ಮೆಚ್ಚುತ್ತಾರೆ. ದ್ವಾಪರಯುಗದವರು ಏನು ಉಡುತ್ತಿದ್ದರೆಂಬ ಚಿಂತೆ ಆ ಕಲಾವಿದರನ್ನು ಕಾಡಲಿಲ್ಲ. ಕಥೆ ಎಂದರೆ ಇಲ್ಲಿಯದು, ಈಗಿನದು.

ನಮ್ಮ ಹಳ್ಳಿಗಳ ಕುರುಕ್ಷೇತ್ರ ನಾಟಕವನ್ನು ನೆನೆಯಿರಿ. ಹಸ್ತಿನಾವತಿಗೂ ದ್ವಾರಕೆಗೂ ಒಂದೇ ಅರಮನೆಯ ಪರದೆ; ಆ ಪರದೆಯ ಅರಮನೆಯೋ ಮೈಸೂರಿನದನ್ನು ಹೋಲುತ್ತದೆ. ದುರ್ಯೋಧನನ ಪಾತ್ರದವರು ಕನ್ನಡದ ಪದ್ಯವನ್ನು ಹಾಡಿ, ಚಪ್ಪಾಳೆಯ ಬಿಸಿಗೆ ಒಂದು ತೆಲುಗು ಪದ್ಯವನ್ನೂ ಎತ್ತಿಕೊಂಡರೆ ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಹಿಡಿದು ಹಿಂಬಾಲಿಸುತ್ತಾರೆಯೇ ಹೊರತು, ‘ಈ ದುರ್ಯೋಧನ ಯಾವ ರಾಜ್ಯದವನು?’ ಎಂದು ಯಾರೂ ಕೇಳುವುದಿಲ್ಲ.

ಅಂದರೆ ಹಿಂದಿನ ಕೇಳುಗನ ಊಹೆ ‘ಇಲ್ಲಿ’ ಎಂದಿತ್ತು, ನಮ್ಮ ಊಹೆ ‘ಅಲ್ಲಿ’ ಎಂದಾಗಿದೆ. ಇದು ಯಾವಾಗ ತಿರುಗಿತು ಎಂದು ತೇದಿ ಹಾಕಿ ಹೇಳುವುದು ಕಷ್ಟ. ಭೂಪಟಕ್ಕೆ ಇದರಲ್ಲಿ ಪಾಲಿದೆಯೆಂದು ಮಾತ್ರ ನಮಗನಿಸುತ್ತದೆ. ಅನಂತಪುರ ಜಿಲ್ಲೆಯನ್ನು 1882ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಡಿಸಿ ರಚಿಸಿದಾಗ ಎರಡೂ ಮದರಾಸು ಪ್ರಾಂತದೊಳಗೇ ಇದ್ದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಬಳ್ಳಾರಿ ಜಿಲ್ಲೆಯ ರಾಯದುರ್ಗ, ಆಲೂರು, ಆದವಾನಿ ತಾಲ್ಲೂಕುಗಳು ಇತ್ತ ಬಂದವು, ಉಳಿದದ್ದು ಮೈಸೂರಿಗೆ ಹೋಯಿತು. ಕಥೆ ಹೇಳುತ್ತಿದ್ದ ಅಜ್ಜಿಯರು ಕುಳಿತ ಜಗಲಿಯಲ್ಲಿಯೇ ಕುಳಿತಿದ್ದರು. ಆದರೆ ಅಂದಿನಿಂದ ಕನ್ನಡವೆಂದರೆ ಒಂದು ರಾಜ್ಯ, ತೆಲುಗೆಂದರೆ ಒಂದು ರಾಜ್ಯ ಎಂಬ ಸರಳವಾದ ಲೆಕ್ಕ ಶಾಲೆಯ ಗೋಡೆಯ ಮೇಲೆ ತೂಗಿತು. ಆಡಳಿತಕ್ಕೆ ಆ ಗೆರೆ ಬೇಕು. ಕಥೆಗೆ ಬೇಕೆಂದು ಯಾರೂ ಕೇಳಿರಲಿಲ್ಲ.

ಗೆರೆಯಿಲ್ಲದ ಕಾಲದ ದೊಡ್ಡ ಉದಾಹರಣೆ ಪಂಪನೇ. ಬನವಾಸಿಯ ಮೇಲಿನ ಅವನ ಪ್ರೀತಿ ಕನ್ನಡಿಗರಿಗೆಲ್ಲ ಬಾಯಿಪಾಠ. ಆ ಕಾರಣಕ್ಕೆ ವಿಕ್ರಮಾರ್ಜುನ ವಿಜಯವೂ ಬನವಾಸಿಯ ಕಡೆಯೇ ಹುಟ್ಟಿತೆಂದು ನಂಬಿದವರು ನಮ್ಮಲ್ಲಿ ಎಷ್ಟೋ ಮಂದಿ. ಅವನ ಆಶ್ರಯದಾತ ಚಾಲುಕ್ಯ ಅರಿಕೇಸರಿ ಆಳಿದ್ದು ಇಂದು ತೆಲಂಗಾಣದಲ್ಲಿರುವ ವೇಮುಲವಾಡದಿಂದ. ಪಂಪನ ತಮ್ಮ ಜಿನವಲ್ಲಭ ಬರೆಸಿದ ಶಾಸನ ಇರುವುದು ಕರೀಂನಗರದ ಕಡೆಯ ಕುರಿಕ್ಯಾಲದ ಬಂಡೆಯ ಮೇಲೆ, ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲಿಯೂ. ನಮ್ಮ ಮಡಕಶಿರಾ ಸೀಮೆಯ ಹೇಮಾವತಿ, ನೊಳಂಬರ ಹೆಂಜೇರು, ಇದರ ನೆರೆಯ ಸಂಗತಿ. ಕನ್ನಡ ಅಂದು ಎಲ್ಲಿ ಬೇಕಾದರೂ ನಡೆಯುತ್ತಿತ್ತು, ಎಲ್ಲಿಂದ ಬೇಕಾದರೂ ಎಲ್ಲಿಯನ್ನಾದರೂ ನೆನೆಯುತ್ತಿತ್ತು.

ಊಹೆಯನ್ನು ಗಟ್ಟಿಮಾಡುವಲ್ಲಿ ಕಣ್ಣಿಗೆ ಕಾಣುವ ಕಲೆಗಳ ಪಾಲು ಬೇರೆ. ಆರ್. ಕೆ. ನಾರಾಯಣ್ ಅವರ ಮಾಲ್ಗುಡಿ 1935ರ ‘ಸ್ವಾಮಿ ಅಂಡ್ ಫ್ರೆಂಡ್ಸ್’ನಲ್ಲಿ ಹುಟ್ಟಿದ ಕಲ್ಪನೆಯ ಊರು, ಅದರ ಮನೆಗಳೊಳಗಿನ ಬದುಕು ಬಹುಮಟ್ಟಿಗೆ ತಮಿಳು ಕುಟುಂಬಗಳದು, ಅಲ್ಲಿಯ ರೈಲು ಮದರಾಸು, ತಿರುಚಿನಾಪಳ್ಳಿಗಳತ್ತ ಹೋಗುವುದು. 1986ರಲ್ಲಿ ಶಂಕರ್ ನಾಗ್ ಅದನ್ನು ಆಗುಂಬೆಯಲ್ಲಿ ಚಿತ್ರಿಸಿ ದೂರದರ್ಶನಕ್ಕೆ ತಂದರು. ನಮ್ಮ ಪೀಳಿಗೆಗೆ ಮಾಲ್ಗುಡಿ ಎಂದರೆ ಮುಗಿಯಿತು, ಆಗುಂಬೆಯೇ. ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣದಲ್ಲಿ ಈಗ ಮಾಲ್ಗುಡಿ ವಸ್ತುಸಂಗ್ರಹಾಲಯವೇ ಇದೆ. ಇದರಿಂದ ಯಾರಿಗೂ ಕೇಡಾಗಿಲ್ಲವೆಂದು ನಾವೂ ಒಪ್ಪುತ್ತೇವೆ. ಆ ಧಾರಾವಾಹಿಯನ್ನು ನೋಡಿದ ಸುಖವನ್ನು ಬಿಟ್ಟುಕೊಡಲಾರೆವು. ಆದರೂ ಒಂದು ಸಣ್ಣ ಸಂಗತಿ ಉಳಿಯುತ್ತದೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಬೀಳುವ ಆಗುಂಬೆ ಕನ್ನಡ ಕಥೆಗಳ ಸಹಜ ಊರಾಗಿ ಕಣ್ಣಲ್ಲಿ ನಿಂತುಬಿಟ್ಟರೆ, ಸುಮಾರು 550 ಮಿಲಿಮೀಟರ್ ಬಿದ್ದರೆ ಸಾಕೆಂದು ಕಡಲೆಕಾಯಿ ಬಿತ್ತಿ ಕೂರುವ ಅನಂತಪುರದ ಸೀಮೆಯಲ್ಲಿ ಕನ್ನಡದ ಕಥೆ ನಡೆದೀತೆಂದು ತೋರುವುದೇ ಇಲ್ಲ. ನಮ್ಮ ಮಕ್ಕಳು ಶಾಲೆಗೆ ಕನ್ನಡ ಪ್ರಬಂಧ ಬರೆಯುವಾಗ ‘ನಮ್ಮೂರಿನಲ್ಲಿ ಧೋ ಎಂದು ಮಳೆ ಸುರಿಯುತ್ತಿತ್ತು, ಅಡಿಕೆ ತೋಟದಲ್ಲಿ’ ಎಂದು ಆರಂಭಿಸುವುದನ್ನು ನಾವು ಕಂಡಿದ್ದೇವೆ. ಆ ಮಗು ಅಡಿಕೆ ತೋಟವನ್ನು ಕಂಡಿರಲಿಲ್ಲ. ಮನೆಯ ಹಿಂದೆ ಹುಣಿಸೆಯ ತೋಪು ಇತ್ತು.

ತೆಲುಗಿನ ಕಡೆಯಾದರೂ ನಮಗೆ ಊರು ದೊರಕಿತೇ ಎಂದರೆ, ಅದು ಇನ್ನೊಂದು ಕಥೆ. ತೆಲುಗು ಕಥೆಗಳ ಸಹಜ ಊರು ಬಹುಕಾಲ ಕೃಷ್ಣಾ ಗೋದಾವರಿಗಳ ನೀರಾವರಿಯ ಸೀಮೆಯಾಗಿತ್ತು. ವಿದ್ವಾನ್ ವಿಶ್ವಂ ಒಣಗಿದ ಪೆನ್ನೆಯ ಮೇಲೆ ‘ಪೆನ್ನೇಟಿ ಪಾಟ’ ಬರೆದದ್ದು, ಸಿಂಗಮನೇನಿ ನಾರಾಯಣ ರಾಯಲಸೀಮೆಯ ಕಥೆಗಳನ್ನು ‘ಸೀಮ ಕಥಲು’ ಎಂದು ಒಟ್ಟುಗೂಡಿಸಿದ್ದು ಆ ಕೊರತೆಯನ್ನು ಕಂಡೇ ಇರಬೇಕು. ಆಮೇಲೆ ಸಿನಿಮಾ ರಾಯಲಸೀಮೆಯನ್ನು ಹುಡುಕಿಕೊಂಡು ಬಂತು. ಬಂದದ್ದು ಬಾಂಬು, ಮಚ್ಚು, ಟಾಟಾ ಸುಮೋಗಳ ಜೊತೆ. ಬೆಂಗಳೂರಿನ ಹಾಸ್ಟೆಲಿನಲ್ಲಿ ಓದುವ ನಮ್ಮ ಹುಡುಗರು ಊರು ಯಾವುದೆಂದು ಹೇಳಿದೊಡನೆ ‘ಓ, ಫ್ಯಾಕ್ಷನ್ನಾ?’ ಎಂಬ ಪ್ರಶ್ನೆ ಎದುರಾಗುತ್ತದೆ. ಕನ್ನಡದ ಕಥೆಯಲ್ಲಿ ನಾವು ಇಲ್ಲ. ತೆಲುಗಿನ ತೆರೆಯ ಮೇಲೆ ಇದ್ದರೂ ಕೈಯಲ್ಲಿ ಮಚ್ಚಿಲ್ಲದೆ ಇಲ್ಲ. ಎರಡರಲ್ಲಿ ಯಾವುದು ಹೆಚ್ಚು ನೋಯಿಸುವುದೆಂದು ನಮ್ಮೊಳಗೇ ಒಮ್ಮತವಿಲ್ಲ. ತೆರೆಯ ಮೇಲಿನ ಸುಳ್ಳಿಗಾದರೆ ‘ಇದು ಸುಳ್ಳು’ ಎಂದು ಎದುರು ಹೇಳಬಹುದು. ಇಲ್ಲದಿರುವುದಕ್ಕೆ ಹೇಳಲು ಏನೂ ಸಿಗುವುದಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ನ್ಯಾಯವಾಗಿ ಎದುರಿಸಬೇಕು. ಒಳ್ಳೆಯ ಕಥೆ ಎಲ್ಲಿ ನಡೆದರೇನು? ಅಜ್ಜಿಯ ಸ್ವಾಭಿಮಾನ ಚಳ್ಳಕೆರೆಯಲ್ಲಿಯೂ ಕಲ್ಯಾಣದುರ್ಗದಲ್ಲಿಯೂ ಒಂದೇ ಅಲ್ಲವೇ? ಊರಿನ ಹೆಸರಿಗೆ ಅಂಟಿಕೊಳ್ಳುವುದು ಸಾಹಿತ್ಯದಲ್ಲಿ ಗಡಿಕಲ್ಲು ನೆಟ್ಟಂತಲ್ಲವೇ? ನಮ್ಮ ಸೀಮೆಯವರೇ ಆದ ರಾಳ್ಲಪಲ್ಲಿ ಅನಂತಕೃಷ್ಣ ಶರ್ಮರನ್ನು ಈ ಆಕ್ಷೇಪದ ಪರವಾಗಿ ಯಾರಾದರೂ ಎತ್ತಿ ಹೇಳಬಹುದು. 1893ರಲ್ಲಿ ಕಲ್ಯಾಣದುರ್ಗದ ಕಡೆಯ ರಾಳ್ಲಪಲ್ಲಿಯಲ್ಲಿ ಹುಟ್ಟಿದ ಅವರು 1912ರಿಂದ ನಾಲ್ಕು ದಶಕಗಳಿಗೆ ಸಮೀಪ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತೆಲುಗು ಬೋಧಿಸಿದರು. ಕನ್ನಡದಲ್ಲಿ ‘ಗಾನಕಲೆ’ ಬರೆದರು. ಪ್ರಾಕೃತದ ಗಾಥಾಸಪ್ತಶತಿಯನ್ನು ತೆಲುಗಿಗೆ ತಂದರು. ಆ ಗಾಥೆಗಳಲ್ಲಿ ಊರಿನ ಹೆಸರು ಅಪರೂಪ. ಹೊಲ, ಬಾವಿಕಟ್ಟೆ, ದಾರಿಹೋಕ, ಬಾಗಿಲಲ್ಲಿ ನಿಂತ ಹೆಂಗಸು. ಮೈಸೂರಿನಲ್ಲಿ ಕುಳಿತು ಅವುಗಳನ್ನು ಅನುವಾದಿಸುವಾಗ ಶರ್ಮರಿಗೆ ಕಂಡ ಹೊಲ ಗೋದಾವರಿಯ ದಂಡೆಯದೋ, ಬಾಲ್ಯದ ರಾಳ್ಲಪಲ್ಲಿಯದೋ? ಯಾವುದಾಗಿದ್ದರೂ ಗಾಥೆಗೆ ನಷ್ಟವಿಲ್ಲ. ಇಲ್ಲಿ ಆಕ್ಷೇಪ ಸರಿಯಾಗಿಯೇ ನಿಲ್ಲುತ್ತದೆ.

ನಮ್ಮ ಅಜ್ಜಿಯ ಕಥೆಯಲ್ಲಿ ನಿಲ್ಲುವುದಿಲ್ಲ. ಅಲ್ಲಿ ಊರು ಪರದೆಯಲ್ಲ. ಕಥೆ ನಡೆಯಲು ಅದೇ ಕಾರಣ. ಮನೆಯ ಭಾಷೆ ಒಂದು, ಕಚೇರಿಯ ಭಾಷೆ ಇನ್ನೊಂದು ಆಗಿರುವ ನೆಲದಲ್ಲಿ ಮಾತ್ರ ಓದು ಬಲ್ಲವಳು ಓದಲಾರದವಳಾಗಲು ಸಾಧ್ಯ. ಪರದೆಯನ್ನು ಬದಲಿಸುವ ಹಕ್ಕು ಕೇಳುಗನಿಗಿದೆ. ಲೇಪಾಕ್ಷಿಯ ಕಲಾವಿದರು ಚಲಾಯಿಸಿದ್ದು ಅದನ್ನೇ. ಕಾರಣವನ್ನು ಬದಲಿಸಿದರೆ ಪಾತ್ರಗಳು ಬೆಲೆ ತೆರಬೇಕಾಗುತ್ತದೆ. ಕಥೆಯೊಂದರಲ್ಲಿ ಇವೆರಡರಲ್ಲಿ ಯಾವುದಿದೆಯೆಂದು ಮೊದಲ ಸಾಲಿನಲ್ಲಿಯೇ ತಿಳಿಯದು. ಆದ್ದರಿಂದಲೇ ಮೊದಲ ಸಾಲಿನಲ್ಲಿಯೇ ಊರು ನಿಶ್ಚಯಿಸುವ ನಮ್ಮ ಅವಸರವನ್ನು ನಾವು ಬರಿಯ ಅಭ್ಯಾಸವೆಂದು ಬಿಡದೆ, ಅನ್ಯಾಯಕ್ಕೆ ಹತ್ತಿರದ್ದು ಎನ್ನುತ್ತಿದ್ದೇವೆ.

ಹೊರಗಿನವರನ್ನು ದೂರುವುದು ಸುಲಭ. ಕುಂ. ವೀರಭದ್ರಪ್ಪನವರು ಆಂಧ್ರದ ಹಳ್ಳಿಗಳಲ್ಲಿ ಬಹುಕಾಲ ಮೇಷ್ಟರಾಗಿದ್ದು ರಾಯಲಸೀಮೆಯ ಬದುಕನ್ನು ಕನ್ನಡಕ್ಕೆ ತಂದವರು. ಅವರ ಕಥೆಗಳ ಬಿಸಿಲನ್ನೆಲ್ಲ ಬಳ್ಳಾರಿಯ ಬಿಸಿಲೆಂದೇ ಓದಿಕೊಳ್ಳುವವರನ್ನು ನಾವು ಬೆಂಗಳೂರಿನಲ್ಲಿ ಕಂಡಿದ್ದೇವೆ, ಮನಸ್ಸಿನಲ್ಲಿಯೇ ನಕ್ಕಿದ್ದೇವೆ. ಆದರೆ ಕಾಸರಗೋಡಿನ ಲೇಖಕರ ಕಥೆಯನ್ನು ಓದುವಾಗ ನಾವು ಮಾಡುವುದೇನು? ಸಮುದ್ರ, ತೆಂಗು ಕಂಡೊಡನೆ ಮಂಗಳೂರು ಎಂದುಕೊಳ್ಳುತ್ತೇವೆ. ಅಲ್ಲಿಯ ಕಚೇರಿಯ ಕಾಗದ ಮಲೆಯಾಳದಲ್ಲಿ ಬರಬಹುದೆಂದು, ಅಲ್ಲಿಯೂ ಒಬ್ಬ ಅಜ್ಜಿ ಅದನ್ನು ಸೆರಗಿಗೆ ಗಂಟುಹಾಕಿಕೊಂಡಿರಬಹುದೆಂದು ನಮಗೆ ಹೊಳೆಯುವುದಿಲ್ಲ. ಅವಳಿಗಂತೂ ಅಕ್ಷರ ಕೂಡಿಸುವಷ್ಟು ಆಸರೆಯೂ ಇಲ್ಲ.

ಈ ಸಂಚಿಕೆಗಾಗಿ ನಾವು ಆ ಕಥೆಗಾರ್ತಿಯನ್ನು ಮೊದಲ ಪಾಠವನ್ನೇ ಕೊಡಬೇಕೆಂದು ಕೇಳಿಕೊಂಡೆವು. ಅಂದು ನಾವು ಕೊಟ್ಟ ಸಲಹೆಗೆ ಕ್ಷಮೆಯನ್ನೂ ಕೇಳಿದೆವು. ಅವರು ಬೇಸರಪಡಲಿಲ್ಲ. ಮೊದಲ ಪಾಠ ಈಗ ತಮ್ಮ ಬಳಿ ಇಲ್ಲ, ಅದರ ಮೇಲೆಯೇ ತಿದ್ದುತ್ತ ಹೋದದ್ದರಿಂದ ಹಳೆಯದು ಅಳಿದುಹೋಯಿತು, ಮತ್ತೆ ಬರೆಯಬೇಕು ಎಂದರು. ಬರೆದುಕೊಡುತ್ತೇನೆ ಎಂದರು. ಜೊತೆಗೆ ಒಂದು ಪ್ರಶ್ನೆ ಕೇಳಿದರು: “ಸಚಿವಾಲಯ ಎಂಬಲ್ಲಿ ‘ಗ್ರಾಮ’ ಎಂದು ಸೇರಿಸಲೇ, ಹಾಗೆಯೇ ಬಿಡಲೇ?”

ಸಂಪಾದಕ ಬಳಗದಲ್ಲಿ ಇದರ ಮೇಲೆ ಒಂದು ಸಂಜೆ ಪೂರ್ತಿ ವಾದ ನಡೆಯಿತು. ಸೇರಿಸಿದರೆ ಯಾರಿಗೂ ತೊಂದರೆಯಿಲ್ಲ, ಒಂದು ಶಬ್ದದ ಮಾತು ಎಂದವರಿದ್ದರು. ತನ್ನೂರಿನ ಕಚೇರಿಯ ಬಗ್ಗೆ ಮಾತನಾಡುವ ಅಜ್ಜಿ ‘ಗ್ರಾಮ ಸಚಿವಾಲಯ’ ಎಂದು ಪೂರ್ತಿ ಹೆಸರು ಹೇಳುವುದಿಲ್ಲ, ಹೊರಗಿನವರಿಗೆ ವಿವರಿಸುವವರು ಮಾತ್ರ ಹಾಗೆ ಹೇಳುತ್ತಾರೆ ಎಂದವರೂ ಇದ್ದರು. ನಾವು ಈ ಎರಡನೆಯ ಪಕ್ಷ. ನಿರ್ಣಯವನ್ನು ಕೊನೆಗೆ ಅವರಿಗೇ ಬಿಟ್ಟೆವು. ಈ ಲೇಖನ ಅಚ್ಚಿಗೆ ಹೋಗುವ ಹೊತ್ತಿಗೆ ಕಥೆ ಇನ್ನೂ ಕೈಸೇರಿಲ್ಲ. ಸಮ್ಮೇಳನದ ಎರಡನೆಯ ದಿನ ಮಧ್ಯಾಹ್ನದ ಕಥಾಗೋಷ್ಠಿಯಲ್ಲಿ ಅವರು ಅದನ್ನು ಓದುತ್ತಾರೆ. ಆ ನಿವೃತ್ತ ಮೇಷ್ಟ್ರು ಮುಂದಿನ ಸಾಲಿನಲ್ಲಿಯೇ ತಮಗೊಂದು ಕುರ್ಚಿ ಹಾಕಿಸಬೇಕೆಂದು ಹೇಳಿಕಳಿಸಿದ್ದಾರೆ.